ಚಂದ್ರಿ ಬಿಟ್ಟುಕೊಟ್ಟ ಬಚ್ಚಲು

ಮೊನ್ನೆ ಧಾರವಾಡದಲ್ಲಿ ಮಗಳು ತನ್ನ ಮನೆಯ ಬಚ್ಚಲು ಒಡೆಸಿ ಹೊಸದು ಮಾಡಿಸಲು ಹೊರಟಳು. ಟೈಲ್ಸ್ ಅಂಗಡಿಗೆ ಹೋಗುವಾಗ, ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡುತ್ತೀ ಎಂದು ನನ್ನನ್ನೂ ಆಟೋದಲ್ಲಿ ಕೂಡಿಸಿಕೊಂಡು ಹೋದಳು. ಅಂಗಡಿಯೋ, ಮದುವೆ ಕಾರ್ಯಾಲಯದಷ್ಟು ದೊಡ್ಡದು. ಗೋಡೆಯುದ್ದಕ್ಕೂ ಬಚ್ಚಲುಗಳನ್ನು ಕಟ್ಟಿ ನಿಲ್ಲಿಸಿದ್ದರು; ಒಂದರಲ್ಲೂ ನೀರಿರಲಿಲ್ಲ. ಅಂಗಡಿಯ ಹುಡುಗ ನನಗೊಂದು ಕುರ್ಚಿ ಕೊಟ್ಟು, ಚಹಾ ತರಿಸಿ, ಬಹಳ ಮರ್ಯಾದೆಯಿಂದ ಕೇಳಿದ: “ಅಜ್ಜಿ, ನಿಮಗ ಎಂಥಾ ಬಚ್ಚಲ ಪಸಂದ ಬೀಳತದ್ರಿ?”

“ಒಳಗಿಂದ ಚಿಲಕ ಹಾಕ್ಕೊಳ್ಳಿಕ್ಕೆ ಬರೂವಂಥಾದ್ದು” ಎಂದೆ.

ಅವನು ನಕ್ಕ. ಮಗಳೂ ನಕ್ಕಳು. “ಚಿಲಕ ಇಲ್ಲದ ಬಚ್ಚಲ ಎಲ್ಲಿ ಇರತದ್ರಿ ಅಜ್ಜಿ?” ಎಂದು ಮತ್ತೆ ಬಣ್ಣದ ಪುಸ್ತಕ ತೆರೆದ. ಅವರಿಬ್ಬರೂ ಬಣ್ಣ ನೋಡುತ್ತ ಕೂತರು. ನಾನು ಚಹಾ ಕುಡಿಯುತ್ತ ಬೈಲಹೊಂಗಲಕ್ಕೆ ಹೋಗಿಬಿಟ್ಟೆ. ನಿಮಗೆ ಬೇರೆ ಕೆಲಸವಿಲ್ಲದಿದ್ದರೆ ನೀವೂ ಬನ್ನಿ. ಆದರೆ ದಾರಿಯಲ್ಲಿ ಒಂದು ಗಳಿಗೆ ಕುಮಟೆಯಲ್ಲಿ ಇಳಿದು ಹೋಗಬೇಕಾಗುತ್ತದೆ.

ನಾನು ಹುಟ್ಟಿದ್ದು ಸವದತ್ತಿಯಲ್ಲಿ, ಬೆಳೆದದ್ದು ಕುಮಟೆಯಲ್ಲಿ. ಅಪ್ಪ ಕಚೇರಿಯಲ್ಲಿ ಕಾರಕೂನ. ಆಗ ನಮ್ಮ ಬೆಳಗಾವಿಯೂ ಆ ಕಾರವಾರವೂ ಒಂದೇ ಮುಂಬೈ ಪ್ರಾಂತದಲ್ಲಿದ್ದವು. ನನಗೆ ಮೂರು ವರ್ಷವಾಗಿದ್ದಾಗ ಅಪ್ಪನನ್ನು ಘಟ್ಟದಿಂದ ಕೆಳಗಿಳಿಸಿದ ಸರಕಾರ ಮುಂದೆ ಹದಿನೈದು ವರ್ಷ ಮೇಲಕ್ಕೆ ಹತ್ತಿಸುವುದನ್ನೇ ಮರೆತುಬಿಟ್ಟಿತು. ಅಮ್ಮ ವರ್ಷಕ್ಕೊಮ್ಮೆ, “ಈ ಉಪ್ಪುಗಾಳಿಗೆ ಹಪ್ಪಳ ಸುದ್ದಾ ಒಣಗವಲ್ಲವು” ಎಂದು ಗೊಣಗುತ್ತಿದ್ದಳು. ನನಗೆ ಮಾತ್ರ ಆ ಊರು, ಆ ಬಾಡಿಗೆಯ ಹಳೆಯ ಮನೆ, ಅದಕ್ಕಿಂತ ಹೆಚ್ಚಾಗಿ ಆ ಮನೆಯ ಬಚ್ಚಲು ಪ್ರಾಣ.

ಅದು ಹಿತ್ತಲಿನಲ್ಲಿ ಬೇರೆಯಾಗಿ ನಿಂತಿದ್ದ ಚಿರೇಕಲ್ಲಿನ ಕೋಣೆ. ಬಾವಿಗೆ ಅಂಟಿಕೊಂಡೇ ಕಟ್ಟಿದ್ದರು. ಗೋಡೆಯಲ್ಲೊಂದು ಕಿಂಡಿ. ಕೊಡ ಸೇದಿ ಆ ಕಿಂಡಿಯಲ್ಲಿ ಸುರುವಿದರೆ ಒಳಗಿನ ಕಲ್ಲಿನ ದೋಣಿ ತುಂಬುತ್ತಿತ್ತು. ಮಾಡಿಗೆ ಒಂದು ಗಾಜಿನ ಹಂಚು. ಅದರಿಂದ ಬಿಸಿಲು ಕೋಲಿನ ಹಾಗೆ ಇಳಿದು ಬಂದು ನನ್ನ ತಲೆಯ ಮೇಲೆ ನಿಲ್ಲುತ್ತಿತ್ತು. ಮೂಲೆಯಲ್ಲಿ ಒಂದು ಕಪ್ಪೆಯೂ ಇತ್ತು. ನಾನು ಹಾಡಿದರೆ ಅದು ಸುಮ್ಮನಿರುತ್ತಿತ್ತು, ನಾನು ನಿಲ್ಲಿಸಿದರೆ ಅದು ಶುರುಮಾಡುತ್ತಿತ್ತು. ನನ್ನ ಸಂಗೀತದ ಬಗ್ಗೆ ಈವರೆಗೆ ಯಾರಾದರೂ ಅಷ್ಟು ಗಮನ ಕೊಟ್ಟಿದ್ದರೆ ಆ ಕಪ್ಪೆಯೊಂದೇ. ಅಗಳಿ ಹಾಕಿಕೊಂಡು ಒಳಗೆ ಕೂತೆನೆಂದರೆ ಹೊರಗೆ ಅಮ್ಮ ಕೂಗಿ ಕೂಗಿ ದಣಿಯಬೇಕು. ನೀರು ಎಂದರೆ ಬೇಕಾದಷ್ಟು ಇರುವ ವಸ್ತು, ಬಾಗಿಲು ಎಂದರೆ ಮುಚ್ಚಿಕೊಳ್ಳುವ ವಸ್ತು ಎಂದು ತಿಳಿದೇ ನಾನು ದೊಡ್ಡವಳಾದೆ.

ಸ್ವಾತಂತ್ರ್ಯ ಬಂದು ನಾಲ್ಕೈದು ವರ್ಷವಾಗಿತ್ತು. ನನ್ನನ್ನು ಬೈಲಹೊಂಗಲಕ್ಕೆ ಕೊಟ್ಟರು. ಮಾವನವರು ಪಂಚಾಂಗ ನೋಡಿ ಮುಹೂರ್ತ ಇಟ್ಟುಕೊಡುವವರು. ಸುತ್ತಲಿನ ಹತ್ತು ಹಳ್ಳಿಯ ಮದುವೆಗಳು ಅವರ ಪಡಸಾಲೆಯಲ್ಲಿ ನಿಶ್ಚಯವಾಗುತ್ತಿದ್ದವು. ನಮ್ಮವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರು. ಯಾರ ಮುಖವನ್ನಾದರೂ ಐದು ನಿಮಿಷದಲ್ಲಿ ಬರೆದುಕೊಡುತ್ತಿದ್ದರು. ತಮ್ಮ ಅಪ್ಪನ ಮುಖ ನೋಡಿ ಒಂದು ಮಾತು ಆಡುವುದು ಮಾತ್ರ ಅವರಿಂದ ಆಗುತ್ತಿರಲಿಲ್ಲ. ಇನ್ನು ಅತ್ತೆಯವರು. ಅವರು ಬೈಯುವವರಲ್ಲ, ನಗುವವರೂ ಅಲ್ಲ. ನಸುಕಿನಿಂದ ರಾತ್ರಿಯವರೆಗೆ ಕೆಲಸ, ಕೆಲಸದ ನಡುವೆ ನನಗೆ ಎರಡೆರಡು ಶಬ್ದದ ಅಪ್ಪಣೆ: “ಹಿಟ್ಟು ಸಾಣಿಸು.” “ದೀಪ ಹಚ್ಚು.” ಅವರು ಸಾವಕಾಶವಾಗಿ, ಪ್ರೀತಿಯಿಂದ, ವಾಕ್ಯ ಪೂರ್ತಿ ಮಾಡಿ ಮಾತಾಡುತ್ತಿದ್ದುದು ಚಂದ್ರಿಯ ಜೊತೆಗೆ ಮಾತ್ರ. ಚಂದ್ರಿ ನಮ್ಮ ಎಮ್ಮೆ. ಹಣೆಯ ಮೇಲೆ ಬಿಳಿ ಚುಕ್ಕೆ ಇದ್ದುದರಿಂದ ಆ ಹೆಸರು.

ಬಂದ ಮರುದಿನ ಬೆಳಗ್ಗೆ ನಾನು ಸೀರೆ, ಸಾಬೂನು ಹಿಡಿದುಕೊಂಡು, “ಅತ್ಯಾ, ಬಚ್ಚಲಮನಿ ಎಲ್ಲೆ ಅದರಿ?” ಎಂದು ಕೇಳಿದೆ.

ಅತ್ತೆ ಒಲೆಯ ಮುಂದಿನಿಂದ ಏಳದೆ ಕೈ ತೋರಿಸಿದರು. ಆ ಕೈ ತೋರಿಸಿದ ಕಡೆ ನೋಡಿದರೆ ಅಡುಗೆಮನೆಯದೇ ಮೂಲೆ. ಒಂದು ಹಾಸುಗಲ್ಲು, ಅದರ ಸುತ್ತ ಸೊಂಟಕ್ಕಿಂತ ಕೆಳಗಿನ ಒಂದು ಮೋಟುಗೋಡೆ, ಅರ್ಧ ಜಾಗವನ್ನು ತಾನೇ ನುಂಗಿ ಕೂತಿದ್ದ ತಾಮ್ರದ ಹಂಡೆ. ಹಗ್ಗಕ್ಕೆ ಒಂದು ಹಳೆಯ ಸೀರೆಯನ್ನು ಪರದೆ ಕಟ್ಟಿದ್ದರು. ಬಾಗಿಲು ಎಲ್ಲಿದೆ ಎಂದು ಇನ್ನೂ ಹುಡುಕುತ್ತಿದ್ದ ನನ್ನನ್ನು ಕಂಡು ಅತ್ತೆ, “ಗಂಡಸರು ಏಳೂದ್ರೊಳಗ ಮುಗಿಸಬೇಕು” ಎಂದರು. ಆ ಮನೆಗೆ ಬಂದ ಮೇಲೆ ನಾನು ಕೇಳಿದ ಅವರ ಅತಿ ಉದ್ದದ ಮಾತು ಅದು.

ನೀರಿನ ಸಂಗತಿ ಬೇರೆ. ಹಿತ್ತಲಿನ ಬಾವಿಯದು ಸವಳು ನೀರು. ಸಾಬೂನು ನೊರೆಯೇ ಕೊಡಲಿಲ್ಲ. ಕುಮಟೆಯಿಂದ ತಂದ ಸಾಬೂನು ದಾರಿಯಲ್ಲಿ ಕೆಟ್ಟಿರಬೇಕೆಂದು ನಾನು ಮೊದಲ ದಿನವೇ ಅರ್ಧ ಬಿಲ್ಲೆ ಸವೆಸಿದೆ. ಆ ಮನೆಯಲ್ಲಿ ಒಂದು ಬಿಲ್ಲೆ ಸಾಬೂನು ದೀಪಾವಳಿಯಿಂದ ಯುಗಾದಿಯವರೆಗೆ ಬಾಳಬೇಕಾದ ವಸ್ತು ಎಂದು ನನಗೇನು ಗೊತ್ತು!

ಹೇಗೋ ನಾಲ್ಕು ತಿಂಗಳು ಕಳೆದೆ. ಒಂದು ದಿನ ನಸುಕಿನಲ್ಲಿ ಏಳಲು ತಡವಾಯಿತು. ಮುಖಕ್ಕೆ ಕಡಲೆಹಿಟ್ಟು ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದೆ. ಗೋಡೆಯ ಗೂಟ ಕಿತ್ತುಬಂದು ಹಗ್ಗ, ಸೀರೆ ಎಲ್ಲ ಒಟ್ಟಿಗೆ ಕೆಳಗೆ ಬಿದ್ದವು. ಕಣ್ಣು ತೆರೆದರೆ ಅಡುಗೆಮನೆಯ ಬಾಗಿಲಿನಾಚೆ ನೆಟ್ಟಗೆ ಪಡಸಾಲೆ. ಅಲ್ಲಿ ಮಾವನವರು, ಅವರ ಮುಂದೆ ಮಗಳ ಮುಹೂರ್ತ ಕೇಳಲು ಯಾವುದೋ ಊರಿನಿಂದ ಬಂದಿದ್ದ ಇಬ್ಬರು ಗೌಡರು. ನಾನು ಹಂಡೆಯ ಹಿಂದೆ ಕುಸಿದು ಕೂತೆ. ಬಿಸಿ ತಾಮ್ರ ತೋಳಿಗೆ ತಾಗಿ ಚುರ್ರೆಂದಿತು, ಆದರೂ ಸರಿಯಲಿಲ್ಲ. ಪಡಸಾಲೆಯಲ್ಲಿ ಮಾತು ನಿಂತಿತು. ಆಮೇಲೆ ಮಾವನವರು ಎಂದಿಗಿಂತ ದೊಡ್ಡ ದನಿಯಲ್ಲಿ ತಿಥಿ ವಾರ ನಕ್ಷತ್ರಗಳನ್ನು ಓದತೊಡಗಿದರು. ಅತ್ತೆ ಬಂದು ಸೀರೆ ಎತ್ತಿ ಹಿಡಿದು ನಿಂತರು. ಯಾರೂ ಏನೂ ಅನ್ನಲಿಲ್ಲ. ಯಾರಾದರೂ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದಿನಿಂದ ನಾನು ಉಟ್ಟ ಸೀರೆಯಲ್ಲೇ ಐದು ತಂಬಿಗೆ ಸುರುವಿಕೊಂಡು ಎದ್ದುಬರತೊಡಗಿದೆ. ವಾರ ಕಳೆದ ಮೇಲೆ ಕುಮಟೆಗೆ, ಅಪ್ಪನಿಗೆ ಕಾಗದ ಬರೆದೆ. “ಇಲ್ಲಿ ಎಲ್ಲರೂ ಒಳ್ಳೆಯವರು. ಊಟ ಉಡಿಗೆ ಯಾವುದಕ್ಕೂ ಕಡಿಮೆ ಇಲ್ಲ. ಬಚ್ಚಲು ಮಾತ್ರ ಇಲ್ಲ. ಪಂಚಮಿಗೆ ಕರೆಯಲು ಬಾ. ಬಂದ ಮೇಲೆ ತಿರುಗಿ ಕಳಿಸಬೇಡ.” ಇಷ್ಟು ಗುಟ್ಟಿನ ವಿಷಯವನ್ನು ನಾನು ಬರೆದದ್ದು ಒಂದು ಕಾರ್ಡಿನ ಮೇಲೆ, ಮೇಲಾಗಿ ಅದನ್ನು ಅಂಚೆಗೆ ಹಾಕಲು ಕೊಟ್ಟದ್ದು ನಮ್ಮವರ ಕೈಗೆ! ಹದಿನೆಂಟು ವರ್ಷದ ನನ್ನ ಬುದ್ಧಿವಂತಿಕೆ ಅಷ್ಟಿತ್ತು.

ಸಂಜೆ ಅವರು ಸಾಲೆಯಿಂದ ಬಂದವರು ಕಾರ್ಡನ್ನು ಅಂಗಿಯ ಕಿಸೆಯಿಂದ ತೆಗೆದರು. ಅದರ ಅಂಚು ಬೆವರಿಗೆ ಮೆತ್ತಗಾಗಿತ್ತು. ನನ್ನ ಕಡೆ ನೋಡದೆ ಕೇಳಿದರು: “ಇದನ್ನ ಎಂಟು ದಿವಸ ತಡದು ಹಾಕಿದರ ನಡೀತದೇನು?”

ನಾನು ತಲೆಯಾಡಿಸಿದೆ. ಅವರು ಪೆಟ್ಟಿಗೆಯಿಂದ ಡ್ರಾಯಿಂಗ್ ಕಾಗದ, ಬಣ್ಣ ತೆಗೆದುಕೊಂಡು ಮಾಳಿಗೆ ಹತ್ತಿ ಹೋದರು.

ಮೂರು ದಿನ ಕೂತು ಅವರು ಬಚ್ಚಲಿನ ನಕಾಶೆ ಬರೆದರು. ಅಂಥ ಬಚ್ಚಲನ್ನು ನಾನು ಆಮೇಲೆ ಎಲ್ಲಿಯೂ ಕಂಡಿಲ್ಲ. ಕಮಾನಿನ ಕಿಟಕಿ, ಗೋಡೆಯಲ್ಲಿ ದೀಪದ ಗೂಡು, ನೆಲಕ್ಕೆ ಕಪ್ಪು ಬಿಳಿ ಚೌಕ, ತಂಬಿಗೆಗೆ ಸಹ ಹೊಳಪು ಬರುವ ಹಾಗೆ ಹಳದಿ ಬಣ್ಣ. ಬರೆದದ್ದನ್ನು ಅಪ್ಪನ ಕೈಗೆ ಕೊಡಲು ಧೈರ್ಯ ಸಾಲದೆ ಅವರ ಪಂಚಾಂಗದ ನಡುವೆ ಇಟ್ಟುಬಂದರು. ಮರುದಿನ ಮಾವನವರು ಪಂಚಾಂಗ ಬಿಚ್ಚಿದರು. ನಾನು ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದೆ.

“ಏನೋ ಇದು? ಯಾವ ದೇವರ ಮಂಟಪ?”

“ದೇವರದಲ್ಲ ಅಪ್ಪಾ” ಎಂದರು ನಮ್ಮವರು. ಆಮೇಲೆ ನೆಲ ನೋಡುತ್ತ, “ಜಳಕದ್ದು.”

ಮಾವನವರು ಚಾಳೀಸು ಮೂಗಿಗೆ ಏರಿಸಿ ಮತ್ತೆ ನೋಡಿದರು. “ಬಣ್ಣ ಛಲೋ ಹಾಕಿದಿ. ಆದರ ಬಚ್ಚಲ ಅದ ಅಲ್ಲ ಮನ್ಯಾಗ?”

ನಮ್ಮವರು ಕಿಸೆಯಿಂದ ನನ್ನ ಕಾರ್ಡು ತೆಗೆದು ಪಂಚಾಂಗದ ಮೇಲೆ ಇಟ್ಟರು. ಮಾವನವರು ಅದನ್ನು ಓದಿದರು. ಎರಡು ಸಲ ಓದಿದರು. ಪಡಸಾಲೆಯಲ್ಲಿ ತಾವು ದೊಡ್ಡ ದನಿಯಲ್ಲಿ ತಿಥಿ ಓದಿದ ಆ ದಿನ ಅವರಿಗೂ ನೆನಪಾಯಿತೆಂದು ಕಾಣುತ್ತದೆ. ಕಾರ್ಡನ್ನು ಮಗನ ಕೈಗೆ ತಿರುಗಿ ಕೊಟ್ಟು, “ಹುಡುಗಿ ಅಕ್ಷರ ದುಂಡಗ ಅದಾವ” ಎಂದರು. ಪಂಚಾಂಗ ಮುಚ್ಚುತ್ತ, “ಹಿತ್ತಲದಾಗ ಜಾಗಾ ಎಲ್ಲೆ ಅದ ನೋಡು” ಎಂದರು.

ಆ ಕಾರ್ಡನ್ನು ನಮ್ಮವರು ಹರಿದು ಒಲೆಗೆ ಹಾಕಿದರು. ಕೆಲಸ ಇಲ್ಲಿಗೆ ಮುಗಿಯಿತು ಎಂದುಕೊಂಡೆ. ಆದರೆ ಹಿತ್ತಲಿನಲ್ಲಿ ಇದ್ದ ಜಾಗ ಒಂದೇ, ಅದು ಚಂದ್ರಿಯ ಕೊಟ್ಟಿಗೆ. ಅದನ್ನು ಎರಡು ಮಾಡಿ, ಬಾಗಿಲಿದ್ದ ಅರ್ಧವನ್ನು ಬಚ್ಚಲಿಗೆ ತೆಗೆದುಕೊಂಡು, ಉಳಿದ ಅರ್ಧದಲ್ಲಿ ಎಮ್ಮೆಗೆ ಬೇರೆ ಬಾಗಿಲು ತೆಗೆಯಬೇಕೆಂದು ತಂದೆ ಮಗ ಕೂಡಿ ಗೊತ್ತುಮಾಡಿದರು. ಅತ್ತೆಯವರನ್ನು ಮಾತ್ರ ಯಾರೂ ಕೇಳಿರಲಿಲ್ಲ.

“ಮತ್ತ ಅಕಿ ಎಲ್ಲೆ ಹೋಗಬೇಕು?” ಎಂದರು ಅತ್ತೆ.

“ಅರ್ಧಾ ಜಾಗಾ ಉಳಿತದಲ್ಲಾ” ಎಂದರು ಮಾವ.

“ಬಸರ ಎಮ್ಮಿ. ಅರ್ಧಾ ಜಾಗಾದಾಗ ಹ್ಯಾಂಗ ಹೊರಳಬೇಕು ಅಕಿ? ನಿಮಗ ಯಾರರೆ ಅರ್ಧಾ ಹಾಸಿಗಿ ಹಾಸಿಕೊಟ್ಟರ ಮಲಗತೀರೇನು?” ಹೀಗೆ ಕೇಳಿ ಹಿಂಡಿಯ ಬುಟ್ಟಿ ಎತ್ತಿಕೊಂಡು ಕೊಟ್ಟಿಗೆಗೆ ಹೋದರು. ಮಾವನವರಿಗೆ ಗ್ರಹಗಳನ್ನು ಒಲಿಸಿಕೊಳ್ಳುವುದು ಗೊತ್ತಿತ್ತು, ಅತ್ತೆಯನ್ನಲ್ಲ. ಕೆಲಸ ಎಂಟು ದಿನ ನಿಂತಿತು. ಅತ್ತೆಯ ಮೇಲೆ ನನಗೆ ಸಿಟ್ಟು ಬಂದಿತ್ತು ಎಂದು ಈಗ ಒಪ್ಪಿಕೊಳ್ಳಬಹುದು. ಸೊಸೆಗಿಂತ ಎಮ್ಮೆ ಹೆಚ್ಚಾಯಿತೇ ಎಂದು ಒಳಗೊಳಗೇ ಕುದಿದೆ. ಚಂದ್ರಿಯ ಕಡೆಗೂ ಕೆಕ್ಕರಿಸಿ ನೋಡಿದೆ. ಅದು ಮೆಲುಕು ಹಾಕುವುದನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಮೊದಲೇ ಗೊತ್ತುಮಾಡಿದ್ದ, ಗೋಡೆ ಕಟ್ಟುವ ಗೌಂಡಿ ಈರಪ್ಪ ಯರಗಟ್ಟಿಯಿಂದ ಬಂದ. ಬರಬೇಡ ಎಂದು ಹೇಳಿಕಳಿಸಲು ಎಲ್ಲರೂ ಮರೆತಿದ್ದರು. ಅರವತ್ತು ದಾಟಿದ ಮನುಷ್ಯ, ಬಿಳಿ ಮೀಸೆ, ಕರಣೆ, ಓಳಂಬೆಯ ತೂಗುಗುಂಡು ತುಂಬಿದ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನಿಂದ ಇಳಿದು ನೆಟ್ಟಗೆ ಹಿತ್ತಲಿಗೇ ಬಂದ. ನಮ್ಮವರ ನಕಾಶೆಯನ್ನು ತಲೆಕೆಳಗಾಗಿ ಹಿಡಿದು ನೋಡಿ, “ಮಾಸ್ತರ, ಚಿತ್ರಾ ಭಾಳ ಚಂದ ಐತ್ರಿ. ಮನ್ಯಾಗ ಗ್ವಾಡಿಗೆ ಹಾಕ್ರಿ” ಎಂದು ತಿರುಗಿ ಕೊಟ್ಟ. ಆಮೇಲೆ ಕೊಟ್ಟಿಗೆಯ ಬಾಗಿಲಿನಲ್ಲಿ ಎಮ್ಮೆಯ ಮೈ ತಿಕ್ಕುತ್ತಿದ್ದ ಅತ್ತೆಯ ಕಡೆ ತಿರುಗಿದ.

“ಬಾಯಾರ, ನಾ ಗುಡಿ ಕಟ್ಟಿದಾವ, ಬಾವಿ ಕಟ್ಟಿದಾವ. ಗುಡಿ ಕಟ್ಟೂಮುಂದ ದೇವರು ಕುಂತಾನೋ ನಿಂತಾನೋ ಕೇಳಿ ಕಟ್ಟತೇವ್ರಿ. ಬಚ್ಚಲಕ್ಕೂ ಅದ ಲೆಕ್ಕ. ನೀವು ಕುಂತ ಜಳಕಾ ಮಾಡತೀರೋ, ನಿಂತ ಮಾಡತೀರೋ?”

ಅತ್ತೆಯ ಕೈ ಎಮ್ಮೆಯ ಬೆನ್ನಿನ ಮೇಲೆ ನಿಂತಿತು. ಅಂಥ ಪ್ರಶ್ನೆಯನ್ನು ಅವರಿಗೆ ಯಾರೂ ಹಿಂದೆಂದೂ ಕೇಳಿರಲಾರರು. ಬೈದುಬಿಡುತ್ತಾರೆ ಎಂದು ನಾನು ಹೆದರಿದೆ. ಅವರು ಬೈಯಲಿಲ್ಲ. ಬಹಳ ಹೊತ್ತು ಯೋಚಿಸಿದವರ ಹಾಗೆ ಮೆಲ್ಲಗೆ ಹೇಳಿದರು:

“ಕುಂತೂ ಅಲ್ಲ, ನಿಂತೂ ಅಲ್ಲ. ಬಗ್ಗಿ.”

“ಬಗ್ಗಿ?”

“ಕೂಡಲಿಕ್ಕೆ ಹಂಡೆ ಜಾಗಾ ಕೊಡೂದಿಲ್ಲ. ನಿಂತರ ಗೋಡಿ ಮ್ಯಾಲಿಂದ ಕಾಣತದ. ಹಿಂಗs” ಎಂದು ಅವರು ಮೊಣಕಾಲು ಮಡಿಸಿ, ಬೆನ್ನು ಬಾಗಿಸಿ ತೋರಿಸಿದರು. “ಈ ಮನಿಗೆ ಬಂದಾಗಿಂದ ಹಿಂಗs. ನಲವತ್ತು ವರ್ಷಾತು.”

ಮಾವನವರು ಅಲ್ಲೇ ನಿಂತಿದ್ದರು. ದಿನಕ್ಕೆ ಎರಡು ಸಲ ನಡು ಹಿತ್ತಲಿನಲ್ಲಿ ಬಾವಿಕಟ್ಟೆಯ ಮೇಲೆ ನಿಂತು ಕೊಡಗಟ್ಟಲೆ ನೀರು ಹಾಕಿಕೊಳ್ಳುವ ಅವರು, ತಮ್ಮ ಶಲ್ಯದ ಅಂಚನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ನಾಲ್ಕು ತಿಂಗಳಿಗೇ ತವರಿಗೆ ಕಾರ್ಡು ಬರೆದ ನನಗೂ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಈರಪ್ಪನಿಗೆ ನಾಚಿಕೆ ಗೀಚಿಕೆ ಏನೂ ಇರಲಿಲ್ಲ. ಅವನಿಗೆ ಅದೊಂದು ಅಳತೆಯ ಪ್ರಶ್ನೆ. “ಹಂಗಾದರ ಇನ್ನ ಬಗ್ಗೂದು ಬ್ಯಾಡ್ರಿ. ಇಲ್ಲೆ ಬಂದು ಈ ಗ್ವಾಡಿಗೆ ಹತ್ತಿ ನೆಟ್ಟಗ ನಿಂದರ್ರಿ. ತಂಬಿಗಿ ಹಿಡದು ಕೈ ಎಷ್ಟು ಎತ್ತರ ಎತ್ತತೀರಿ, ಎತ್ತರಿ” ಎಂದ.

ಅತ್ತೆ ಸೆರಗು ಬಿಗಿದುಕೊಂಡು ಬಂದು ಗೋಡೆಗೆ ಬೆನ್ನು ಹಚ್ಚಿ ನಿಂತರು. ನಾನು ತಂಬಿಗೆ ಕೊಟ್ಟೆ. ಮೊದಲು ಕಿವಿಯವರೆಗೆ ಎತ್ತಿದರು. ಈರಪ್ಪ, “ಇನ್ನೂ” ಎಂದ. ತಲೆಯವರೆಗೆ ಎತ್ತಿದರು. “ಇನ್ನೂ ಎತ್ತರಿ, ರೊಕ್ಕ ಬೀಳೂದಿಲ್ಲ.” ಅತ್ತೆ ಕೈಯನ್ನು ಪೂರಾ ನೀಡಿ ಎತ್ತಿದರು, ಹಿಮ್ಮಡಿಯೂ ಎದ್ದಿತು. ಈರಪ್ಪ ಇದ್ದಲಿಯಿಂದ ಗೋಡೆಯ ಮೇಲೆ ಗೆರೆ ಎಳೆದ.

“ಇದರ ಮ್ಯಾಲ ಇನ್ನೊಂದು ಮೊಳಾ ಏರಿಸು” ಎಂದು ಅತ್ತೆ ಹೇಳಿದರು. ಆಮೇಲೆ ಚಂದ್ರಿಯ ಕೊರಳು ತುರಿಸುತ್ತ, “ಬರೇ ಒಂದಷ್ಟು ಸರಕೊಳ್ಳವಾ ತಾಯಿ” ಎಂದು ಅದಕ್ಕೆ ಹೇಳಿದರು.

ಆಮೇಲಿನದು ಹಬ್ಬ. ಚಂದ್ರಿಯನ್ನು ತಾತ್ಕಾಲಿಕವಾಗಿ ಊರ ಹೊರಗಿನ ಪರಿಚಯದವರ ಹೊಲದಲ್ಲಿ ಕಟ್ಟಿದೆವು. ಗಾಡಿಯ ಮೇಲೆ ನೆಲಕ್ಕೆ ಹಾಸುವ ಫರಸಿಕಲ್ಲು ಬಂದವು, ಗಾಣದಲ್ಲಿ ಅರೆದ ಸುಣ್ಣ ಬಂತು. ಎರಡು ಶಬ್ದದ ಅತ್ತೆ ದಿನವಿಡೀ ಗೌಂಡಿಯ ಬೆನ್ನ ಹಿಂದೆ ನಿಂತು ಪುಂಖಾನುಪುಂಖವಾಗಿ ಮಾತಾಡತೊಡಗಿದರು: ಇಲ್ಲಿ ಸೀಗೆಕಾಯಿ ಬಟ್ಟಲು ಇಡಲು ಗೂಡು ಬೇಕು, ಇಲ್ಲಿ ಒದ್ದೆ ಸೀರೆಗೆ ಗೂಟ ಬೇಕು, ಇಲ್ಲಿ ಕೂಡಲು ಕಟ್ಟೆ ಬೇಕು. ಸೊಸೆ ಬಾಣಂತಿಯಾದಾಗ ಎರೆಯುವವಳು ನಿಲ್ಲಲು ಇಷ್ಟು ಜಾಗ ಬೇಕು ಎಂದಾಗ ನಾನು ಓಡಿ ಒಳಗೆ ಹೋದೆ. ನಲವತ್ತು ವರ್ಷಗಳಿಂದ ಆ ಬಚ್ಚಲು ಅವರ ತಲೆಯಲ್ಲಿ ಕಟ್ಟಿ ಮುಗಿದಿತ್ತು. ಈರಪ್ಪ ಬರುವುದೊಂದೇ ಬಾಕಿ ಇತ್ತು.

ನೆಲಕ್ಕೆ ಇಳಿಜಾರು ಸರಿಯಾಗಿದೆಯೇ ನೋಡುವ ದಿನ ನಾವೆಲ್ಲ ಸುತ್ತ ಕುಕ್ಕರುಗಾಲಿನಲ್ಲಿ ಕೂತೆವು. ಮಾವನವರು ನೀರು ದಕ್ಷಿಣಕ್ಕೆ ಹರಿಯಬಾರದೆಂದು ಮೊದಲೇ ಎಚ್ಚರಿಸಿದ್ದರು. ಈರಪ್ಪ ಒಂದು ತಂಬಿಗೆ ನೀರು ಸುರುವಿದ. ನೀರು ನಡುವೆ ನಿಂತು ಒಂದು ಗಳಿಗೆ ಯೋಚನೆ ಮಾಡಿ, ನೆಟ್ಟಗೆ ದಕ್ಷಿಣಕ್ಕೆ ನಡೆಯಿತು. ಎಲ್ಲರೂ ಮಾವನವರ ಮುಖ ನೋಡಿದೆವು. ಅವರು ಸೂರ್ಯನ ಕಡೆ ನೋಡಿದರು, ಬೆರಳು ಮಡಿಸಿ ಎಣಿಸಿದರು, “ಇದು ಖರೇ ಅಂದರ ಆಗ್ನೇಯ” ಎಂದು ತೀರ್ಪು ಕೊಟ್ಟರು.

ಹೊಸ ಬಚ್ಚಲಿನ ಪ್ರವೇಶಕ್ಕೂ ಅವರೇ ಮುಹೂರ್ತ ಇಟ್ಟರು. ಅದೂ ಎಂಥದು? ದನಕರು ಮನೆಗೆ ಮರಳುವ ಗೋಧೂಳಿ! ಸಂಜೆಯ ಸಂಧ್ಯಾವಂದನೆಗೆ ಮುಂಚೆ ಮನೆಯ ಹಿರಿಯರಾಗಿ ತಾವೇ ಮೊದಲ ಜಳಕ ಮಾಡುವುದೆಂದೂ ನಿಶ್ಚಯಿಸಿದರು. ಅದೇ ದಿನ ಚಂದ್ರಿಯೂ ಹೊಲದಿಂದ ಮನೆಗೆ ಬರಲಿ, ಇಬ್ಬರದೂ ಒಮ್ಮೆಗೇ ಪ್ರವೇಶವಾಗಲಿ ಎಂದು ಅತ್ತೆ ಹೇಳಿದರು. ಇದರಲ್ಲಿ ಇರುವ ಗಂಡಾಂತರ ಇಡೀ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ನಿಮಗೆ ಈಗಾಗಲೇ ಹೊಳೆದಿರಬಹುದು. ಬಚ್ಚಲಿಗೆ ಹಾಕಿದ್ದು ಕೊಟ್ಟಿಗೆಯದೇ ಹಳೆಯ ಬಾಗಿಲು. ದನದ ಮನೆಯ ಬಾಗಿಲಿಗೆ ಸರಪಳಿ ಇರುವುದು ಹೊರಗಡೆ. ಒಳಗಿನಿಂದ ಹಾಕಿಕೊಳ್ಳಲು ಎಮ್ಮೆಗೇನು ಚಿಲಕ ಬೇಕೇ?

ಮಾವನವರು ಒಳಗೆ ಹೋದರು. ಹಾಕಿಕೊಳ್ಳಲು ಏನೂ ಸಿಗದೆ ಬಾಗಿಲನ್ನು ಬರಿದೇ ಎಳೆದುಕೊಂಡು, ಗಟ್ಟಿಯಾಗಿ ನದಿಗಳ ಹೆಸರು ಹೇಳುತ್ತ ನೀರು ಸುರುವಿಕೊಳ್ಳತೊಡಗಿದರು. ಆಗ ಚಂದ್ರಿ ಬಂತು. ಹದಿನೈದು ದಿನ ಪರರ ಹೊಲದಲ್ಲಿದ್ದು ಬೇಸತ್ತಿತ್ತೋ ಏನೋ, ಹಿತ್ತಲು ಕಾಣುತ್ತಲೇ ಹಗ್ಗ ಜಗ್ಗಿಕೊಂಡು, ಹೊಸ ಬಾಗಿಲಿನ ಮುಂದೆ ಕೈಯಲ್ಲಿ ಹತ್ತಿಕಾಳಿನ ಬುಟ್ಟಿ ಹಿಡಿದು ನಿಂತಿದ್ದ ಅತ್ತೆಯ ಕಡೆಗೂ ನೋಡದೆ, ತನ್ನ ಹಳೆಯ ಬಾಗಿಲಿಗೇ ನೆಟ್ಟಗೆ ನಡೆಯಿತು. ಹಣೆಯಿಂದ ಒಮ್ಮೆ ಒತ್ತಿತು.

“ಯಾರದು? ಒಳಗ ನಾ ಅದೇನಿ!” ಎಂದರು ಮಾವನವರು.

ಚಂದ್ರಿ ಇನ್ನೊಮ್ಮೆ ಒತ್ತಿತು.

“ಏ, ಕೇಳಸೂದಿಲ್ಲೇನು? ಜಳಕಾ ಮಾಡಲಿಕ್ಕೆ ಹತ್ತೇನಿ, ಯಾರದು ಅಂತೇನಿ! ಏ ಏ ಏ…”

ಬಾಗಿಲು ತೆರೆಯಿತು. ಚಂದ್ರಿ ಒಳಗೆ ಹೋಯಿತು. ಅದರ ಹಿಂಭಾಗ ಬಾಗಿಲನ್ನು ಪೂರ್ತಿ ತುಂಬಿ ನಿಂತಿತು. ಒಳಗಿನಿಂದ ಮೊದಲು ತಂಬಿಗೆ ಬಿದ್ದ ಸದ್ದು, ಆಮೇಲೆ ಎಮ್ಮೆ ನಿಶ್ಚಿಂತೆಯಿಂದ ನೀರು ಕುಡಿಯುವ ಸದ್ದು ಬಂತು. ಆಮೇಲೆ ಮಾವನವರ ದನಿ, ಬಹಳ ದೂರದಿಂದ ಬಂದ ಹಾಗೆ: “ಏ, ಇಕಿನ ಮೊದಲ ಹೊರಗ ಕರಕೋರಿ!”

ನಾನು ಅತ್ತೆಯ ಕಡೆ ನೋಡಿದೆ. ಅವರ ಮುಖದಲ್ಲಿ ಏನೋ ಸಡಿಲಾಗುತ್ತಿತ್ತು. ಬುಟ್ಟಿ ಕೆಳಗಿಟ್ಟರು, ಸೆರಗನ್ನು ಬಾಯಿಗೆ ಹಿಡಿದರು, ಅದೂ ಸಾಲದೆ ಬಾವಿಕಟ್ಟೆಯ ಮೇಲೆ ಕುಸಿದು ಕೂತು ಮೈಯೆಲ್ಲ ಅಲುಗುವ ಹಾಗೆ ನಗತೊಡಗಿದರು. ಅವರು ನಗುವುದನ್ನು ನಾನು ನೋಡಿದ್ದು ಅದೇ ಮೊದಲು. ಕಣ್ಣೊರೆಸಿಕೊಳ್ಳುತ್ತ ಕೂಗಿ ಹೇಳಿದರು:

“ಅಕಿ ಜಾಗಾಕ್ಕ ಅಕಿ ಬಂದಾಳ. ನೀವs ಹೊರಗ ಬರ್ರಿ!”

“ಹ್ಯಾಂಗ ಬರಲಿ? ಬಾಗಲಾ ತುಂಬ ಇಕಿನ ಇದ್ದಾಳ!”

ಎಮ್ಮೆಗೆ ಒಳಗೆ ತಿರುಗಲು ಜಾಗವಿರಲಿಲ್ಲ. ಹಿಂದಕ್ಕೇ ಬರಬೇಕು. ನಮ್ಮವರು ಬಾಲ ಹಿಡಿದು ಜಗ್ಗಿದರು. ಮಾವನವರು ಒಳಗಿನಿಂದ ಕೊಂಬು ಹಿಡಿದು ಒತ್ತಬೇಕಾಯಿತು. “ಒತ್ತರಿ ಅಪ್ಪಾ.” “ಒತ್ತೇನೋ, ನೀ ಜಗ್ಗು.” ತಂದೆ ಮಗ ನಡುವೆ ಒಂದು ಎಮ್ಮೆ ಇಟ್ಟುಕೊಂಡಾದರೂ ಇಷ್ಟು ಮಾತಾಡಿದರಲ್ಲ ಎಂದು ನನಗೆ ನಗೆ ತಡೆಯಲಾಗಲಿಲ್ಲ. ಕೊನೆಗೆ ಚಂದ್ರಿ ಬಕೀಟು ಖಾಲಿಮಾಡಿ, ತಾನಾಗಿಯೇ ಹಿಂದೆ ಸರಿದು ಹೊರಗೆ ಬಂತು. ಅದರ ಹಿಂದೆಯೇ ಒದ್ದೆ ಪಂಚೆಯನ್ನು ಎರಡೂ ಕೈಯಿಂದ ಹಿಡಿದುಕೊಂಡು ಮಾವನವರು ಬಂದರು. ಹಿತ್ತಲಿನ ಗೋಡೆಯ ಮೇಲೆ ನೆರೆಮನೆಯ ನಾಲ್ಕು ತಲೆಗಳು ಆಗಲೇ ಎದ್ದಿದ್ದವು. ಮಾವನವರು ಆ ತಲೆಗಳನ್ನು ನೋಡಿದರು, ತಮ್ಮನ್ನು ನೋಡಿಕೊಂಡರು, ಆಮೇಲೆ ಒಂದು ಕ್ಷಣ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

“ನಾಳೆ ಬೆಳಿಗ್ಗೆ ಮೊದಲ ಬಡಿಗ್ಯಾನ್ನ ಕರಸು” ಎಂದು ಮಗನಿಗೆ ಹೇಳಿದರು. “ಚಿಲಕಾ ಒಂದಲ್ಲ, ಎರಡು ಹಾಕಲಿ. ಮ್ಯಾಲೊಂದು, ಕೆಳಗೊಂದು.”

ಮರುದಿನ ಮಧ್ಯಾಹ್ನದ ಹೊತ್ತಿಗೆ ಎರಡೂ ಚಿಲಕ ಬಿದ್ದವು. ಅತ್ತೆ ನನಗೆ, “ನಿನ್ನ ಸಲುವಾಗಿ ಆಗಿದ್ದು, ನೀ ಮೊದಲ ಹೋಗು” ಎಂದರು. ನಾನು ಒಪ್ಪಲಿಲ್ಲ. ಹಂಡೆಯ ನೀರು ತೋಡಿ ತುಂಬಿಕೊಟ್ಟು ಅವರನ್ನೇ ಒಳಗೆ ಕಳಿಸಿದೆ. ಹಾಡುಹಗಲಿನಲ್ಲಿ ಜಳಕ ಮಾಡುವುದು ಅವರಿಗೆ ಅದೇ ಮೊದಲು. ಎರಡು ಚಿಲಕ ಬಿದ್ದ ಸದ್ದು ಕೇಳಿತು. ಹೊರಗೆ ಬಂದಾಗ ಬಿಚ್ಚಿದ ಕೂದಲು ಸೊಂಟದ ಕೆಳಗೆ ಇಳಿದಿತ್ತು, ಮುಖ ಬಿಸಿನೀರಿಗೆ ಕೆಂಪಾಗಿತ್ತು. “ಇನ್ನ ನೀ ಹೋಗು. ನಾ ಇಲ್ಲೇ ಕೂತಿರತೇನಿ” ಎಂದು ಬಾಗಿಲಿಗೆ ಬೆನ್ನು ಹಚ್ಚಿ ಬಿಸಿಲಿಗೆ ಕೂದಲು ಹರಡಿಕೊಂಡು ಕೂತರು. ಎರಡು ಚಿಲಕದ ಮೇಲೆ ಮೂರನೆಯದಾಗಿ ಅವರು.

ನಾನು ಕಟ್ಟೆಯ ಮೇಲೆ ಕೂತು ಮೊದಲ ತಂಬಿಗೆ ಸುರುವಿಕೊಂಡೆ. ಎರಡನೆಯದು ತುಂಬುವಷ್ಟರಲ್ಲಿ ಬಾಗಿಲಿನ ಆಚೆಯಿಂದ ಅತ್ತೆಯ ದನಿ ಬಂತು.

“ನನ್ನ ತವರು ಮನೋಳಿ. ಗೊತ್ತದನೋ ಇಲ್ಲೋ ನಿನಗ.”

“ಗೊತ್ತದ ಅತ್ಯಾ.”

“ಮನಿ ಹಿಂದs ಹೊಳಿ. ಮಲಪ್ರಭಾ. ನಾ ಭಾಳ ಛಲೋ ಈಸತಿದ್ದೆ. ನಮ್ಮಣ್ಣಂದಿರು ಮೂರು ಮಂದಿ, ಮೂವರನ್ನೂ ಹಿಂದ ಹಾಕಿ ಆಚೆ ದಂಡಿ ಮುಟ್ಟತಿದ್ದೆ. ಹನ್ನೆರಡು ತುಂಬೂದ್ರಾಗ ಲಗ್ನಾತು. ಇಲ್ಲೆ ಬಂದೆ. ಈಸೂದು ಬರತದ ಅಂತ ಯಾರ ಮುಂದೂ ಹೇಳಲಿಲ್ಲ. ಹೇಳಿ ಏನು ಮಾಡೂದು, ಹಂಡ್ಯಾಗ ಈಸಲಿಕ್ಕೆ ಬರತದೇನು?”

ನಾನು ನಕ್ಕೆ. ಆಚೆಯಿಂದ ಅವರೂ ನಕ್ಕರು. ಹಲಗೆಯ ಬಾಗಿಲು ಅವರ ಬೆನ್ನ ಜೊತೆಗೆ ಸ್ವಲ್ಪ ಅಲುಗಿತು. ಎದುರಿಗಿದ್ದಾಗ ಎರಡು ಶಬ್ದಕ್ಕೆ ಮುಗಿಯುತ್ತಿದ್ದ ಅತ್ತೆ, ನಡುವೆ ಒಂದು ಬಾಗಿಲು ಮುಚ್ಚಿದ ಮೇಲೆ ಒಂದೇ ಸಮನೆ ಮಾತಾಡುತ್ತಿದ್ದರು. ಮನೋಳಿಯ ಹೊಳೆಯ ಕಲ್ಲುಗಳಿಗೆ ಇದ್ದ ಹೆಸರು, ಮೊಸಳೆ ಬಂತೆಂದು ಅಣ್ಣಂದಿರು ಹೆದರಿಸಿದ್ದು, ಒದ್ದೆ ಲಂಗ ಒಣಗುವವರೆಗೆ ಮನೆಗೆ ಹೋಗದೆ ಬಿಸಿಲಲ್ಲಿ ಮಲಗಿದ್ದು. ನನ್ನ ಬಿಸಿನೀರು ಆರುತ್ತಿತ್ತು. ನಾನು ಸದ್ದಾಗಬಾರದೆಂದು ಮೆಲ್ಲಗೆ ಸುರುವಿಕೊಳ್ಳುತ್ತಿದ್ದೆ.

“ಅಲ್ಲ ಕುಸುಮಾ, ಸಮುದ್ರಕ್ಕ ಆಚೆ ದಂಡಿನs ಕಾಣೂದಿಲ್ಲಂತ. ಖರೇನು?”

“ಕಾಣೂದಿಲ್ಲರಿ ಅತ್ಯಾ. ಬರೇ ನೀರು.”

“ಹಂಗಾದರ ಈಸಿಕೋತ ಹೋದವರು ಎಲ್ಲೆ ಮುಟ್ಟತಾರ?”

“ಅಷ್ಟು ದೂರ ಯಾರೂ ಹೋಗೂದಿಲ್ಲರಿ.”

ಅತ್ತೆ ಅಂದರು, “ನಾ ಆಗಿದ್ದರ ಹೋಗತಿದ್ದೆ.”

ಅಷ್ಟರಲ್ಲಿ ಮನೆಯೊಳಗಿನಿಂದ ಮಾವನವರ ದನಿ ಕೇಳಿತು. ಪಡಸಾಲೆಗೆ ಯಾರೋ ಬಂದಿದ್ದರು, ಅವರಿಗೆ ಚಹಾ ಆಗಬೇಕಾಗಿತ್ತು. “ಎಲ್ಲೆ ಹೋದಿರಿ ಎಲ್ಲಾರೂ? ಮನ್ಯಾಗ ಯಾರರೆ ಇದ್ದೀರೋ ಇಲ್ಲೋ?”

ನಾನು ದಡಬಡಿಸಿ ಎದ್ದು ಸೀರೆಗೆ ಕೈ ಹಾಕಿದೆ. ಹೊರಗೆ ಅತ್ತೆ ಏಳಲಿಲ್ಲ. ಜಳಕ ಮುಗಿಸಿ ಅರ್ಧ ತಾಸಾಗಿತ್ತು, ಮಡಿ ಸೀರೆ ಉಟ್ಟಿದ್ದರು, ಕೂದಲೂ ಒಣಗಿತ್ತು. ಕೂತಲ್ಲಿಂದಲೇ ಹಿತ್ತಲು, ಅಡುಗೆಮನೆ, ಪಡಸಾಲೆ ಎಲ್ಲವನ್ನೂ ದಾಟಿ ಹೋಗುವಂತೆ ದನಿ ಎತ್ತರಿಸಿ ಉತ್ತರ ಕೊಟ್ಟರು:

“ತಡೀರಿ! ನಾವು ಜಳಕಾ ಮಾಡಲಿಕ್ಕೆ ಹತ್ತೇವಿ!”